ನೂರರಲ್ಲಿ ಮೂವತ್ತೊಂದು

ಕುಡ್ತರಿಯ ಬೇಕರಿಗೆ ಹೋದಾಗ ಮಧ್ಯಾಹ್ನ ಮೂರು.
ಸಂಜೆಯ ಪಾವಿಗೆ ಒಲೆ ಇನ್ನೂ ಹೊತ್ತಿರಲಿಲ್ಲ.
ರುಜಾರ್ ಬಾರೆಟ್ಟೊ ಬಾಗಿಲಲ್ಲೇ ನಿಂತಿದ್ದ,
ಕೈಯಲ್ಲಿ ಬಿಲ್ಲು:
ನೂರಕ್ಕೆ ದುಡ್ಡು ಕೊಟ್ಟಿದ್ದೇನೆ, ಎಲ್ಲಿ ನನ್ನ ನೂರು?

ಮುಂದಿನ ಪಡಸಾಲೆಯಲ್ಲಿ, ಶಿಲುಬೆಯ ಕೆಳಗೆ, ರೌಟರು.
ಅಲ್ಲಿ ಅಳೆದೆ: ತೊಂಬತ್ನಾಲ್ಕು.
ಆಚೆಗೆ ಎರಡು ಗೋಡೆ,
ಒಂದೊಂದೂ ಮೊಳದಗಲ ಕೆಂಪು ಕಲ್ಲು,
ಆಮೇಲೆ ಒಲೆಕೋಣೆ.
ಅಲ್ಲಿ ಒಲೆಗೆ ಆತುಕೊಂಡು
ಇವನೇ ತಂದು ಸಿಕ್ಕಿಸಿದ ಎಕ್ಸ್‌ಟೆಂಡರು,
ಮೈಮೇಲೆ ಮೈದಾ, ಹಣೆಯಲ್ಲಿ ಕೆಂಪು ದೀಪ.
ಅಳೆದೆ: ನಾಲ್ಕು.
ಮತ್ತೆ ಅಳೆದೆ: ಮೂರೂವರೆ.

ಎಲ್ಲರೂ ಮಾಡುವುದು ಇದನ್ನೇ.
ಸಿಗ್ನಲ್ ಸತ್ತ ಜಾಗಕ್ಕೇ ತಂದಿಡುತ್ತಾರೆ,
ಬತ್ತಿದ ಬಾವಿಗೆ ಇನ್ನೊಂದು ಕೊಡ ಇಳಿಸಿದ ಹಾಗೆ.
ತನಗೇ ಕೇಳಿಸದ್ದನ್ನು ಅದು ಯಾರಿಗೆ ಹೇಳೀತು?

ಕಿತ್ತೆ. ನಡುವಿನ ಉಗ್ರಾಣದಲ್ಲಿ
ಹಿಟ್ಟಿನ ಚೀಲಗಳ ಮೇಲಿನ ಪ್ಲಗ್ಗಿಗೆ ಹಾಕಿದೆ.
ಹಸಿರು ಬಂತು.
ಒಲೆಕೋಣೆಗೆ ಹೋಗಿ ಅಳೆದೆ: ಮೂವತ್ತೊಂದು.

ಉಳಿದದ್ದು ಯಾರು ತಿಂದರು? ಅಂದ.

ಒಂದಿಷ್ಟು ಗೋಡೆ ತಿಂದಿತು, ಅಂದೆ,
ಮಿಕ್ಕದ್ದು ಇದೇ. ಅಗ್ಗದ್ದು,
ಬಾಯಿಯೂ ಕಿವಿಯೂ ಒಂದೇ ತೂತು.
ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು.
ಒಂದು ಮಾತಿಗೆ ಎರಡು ಮಾತಿನ ಹೊತ್ತು.

ಹೇಳುತ್ತ ನನಗೇ ನಗು ಬಂತು.
ಜುವಾರಿನಗರದಲ್ಲಿ, ಏಳು ವರ್ಷದವನಾಗಿದ್ದಾಗ,
ನನ್ನ ಕೆಲಸವೂ ಇದೇ ಆಗಿತ್ತು.
ಈ ಕಡೆ ಅವ್ವ, ಬಾದಾಮಿ ಸೀಮೆಯ ಕನ್ನಡ ಬಿಟ್ಟು ಬೇರೆ ತಿಳಿಯದವಳು.
ಆ ಕಡೆ ಖೋಲಿಯ ಒಡತಿ ಪಿಯೆದಾದ್ ಬಾಯಿ, ಬರೀ ಕೊಂಕಣಿ.
ಹೊಸ್ತಿಲ ಮೇಲೆ ನಾನು.

"ಬಾಡಗಿ ಹದಿನೈದಕ್ಕ ಕೊಡ್ತೀನಿ ಅನ್ನು.
ನಿಮ್ಮಪ್ಪಗ ಜ್ವರ, ಕೆಲಸಕ್ಕ ಹೋಗಿಲ್ಲ ಅನ್ನು.
ಮ್ಯಾಲಿನ ತಗಡು ಸೋರತೈತಿ, ಮಳಿಗಿಂತ ಮೊದಲ ಮಾಡ್ಸು ಅನ್ನು.
ಈಕಿ ಬಾಯಾಗ ಮಣ್ಣು ಬೀಳ್ಲಿ,
ಅದನ್ನ ಅನಬ್ಯಾಡ."

ಎಲ್ಲ ಕೇಳಿಸಿಕೊಂಡು, ತಿರುಗಿ ನಿಂತು,
ಕೊಂಕಣಿಯಲ್ಲಿ ನಾನು: ಹದಿನೈದಕ್ಕೆ ಕೊಡ್ತಾಳಂತೆ.
ಬಾಯಿ ಕೈ ಬೀಸಿ ಬೀಸಿ ಬಹಳ ಹೊತ್ತು ಮಾತಾಡಿದಳು.
ಅವ್ವನ ಕಡೆ ತಿರುಗಿ: ಹೂಂ ಅಂದ್ಳು.

ಆ ಮಳೆಗಾಲವಿಡೀ ತಗಡು ಸೋರಿತು.
ಅಪ್ಪನ ಹಾಸಿಗೆಯ ಪಕ್ಕ ಪಾತೇಲಿ,
ರಾತ್ರಿಯೆಲ್ಲ ಟಣ್, ಟಣ್.
ನನಗೆ ಮಾತ್ರ ಗೊತ್ತಿತ್ತು ಯಾಕೆಂದು.

ರುಜಾರನಿಗೆ ಇದೇನೂ ಹೇಳಲಿಲ್ಲ.
ಒಲೆಕೋಣೆಯಲ್ಲಿ ಏನು ನೋಡ್ತೀಯ, ಕೇಳಿದೆ.
ಕೊಲ್ವಾದ ಹೋಟೆಲುಗಳ ಲೆಕ್ಕ, ಎಷ್ಟು ಪಾವು, ಎಷ್ಟು ಪೊಯಿ.
ಆಮೇಲೆ, ಸ್ವಲ್ಪ ನಾಚಿ,
ಹಿಟ್ಟು ನಾದುವಾಗ ಫುಟ್‌ಬಾಲು.
ಲೆಕ್ಕಕ್ಕೆ ಒಂದು ಸಾಕು, ಫುಟ್‌ಬಾಲಿಗೆ ಎಂಟು.
ನೂರೇ ಬೇಕೆಂದರೆ ಗೋಡೆ ಕೊರೆದು ತಂತಿ ಎಳೆಯಬೇಕು.

ಅವನು ಅಜ್ಜ ಕಟ್ಟಿಸಿದ ಗೋಡೆ ನೋಡಿದ,
ಬಿಲ್ಲು ನೋಡಿದ,
ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಹುಡುಗನನ್ನು ನೋಡಿದ.
"ಕೊನೇ ವಾಡ್ಯದ ಮನೆಯವರದ್ದೂ ದಿನಾ ಇದೇ ಜಗಳ,
ಪಾವು ಬಿಸಿ ಇಲ್ಲ ಅಂತ."
ಬೆಳಗಿನ ನಾಲ್ಕು ಪೊಯಿ ಪೇಪರಿನಲ್ಲಿ ಸುತ್ತಿ ಕೊಟ್ಟ.

ರಾತ್ರಿ ಅವ್ವ ಅದನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು.
ಹೇಳಿಬಿಟ್ಟೆ: ಅವ್ವಾ, ಆ ತಗಡಿನ ಮಾತು
ನಾನು ಆಕೆಗೆ ಹೇಳೇ ಇರಲಿಲ್ಲ.

"ಗೊತ್ತಿತ್ತು ತಗೋ," ಅಂದಳು.
"ನೀ ಒಳಗ ಹೋದ ಮ್ಯಾಲೆ ತಗಡಿಗೆ ಬಟ್ಟು ತೋರಿಸಿದ್ದೆ.
ಆಕಿನೂ ತಲಿ ಹಾಕಿದ್ಲು.
ಮಾಡ್ಸಲಿಲ್ಲ, ಅಷ್ಟ."